ಅವಮೌದರ್ಯವೂ ರಾತ್ರಿಯ ಎದೆಯುರಿಯೂ

ರಾತ್ರಿಭೋಜನ ತ್ಯಾಗವು ಶ್ರಾವಕಾಚಾರದಲ್ಲಿ ಮುಖ್ಯವಾದುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿಸಿದ ಹನ್ನೊಂದು ಪ್ರತಿಮೆಗಳಲ್ಲಿ ಆರನೆಯದು ರಾತ್ರಿಭುಕ್ತಿವಿರತಿ. ಅನ್ನ, ಪಾನ, ಖಾದ್ಯ, ಲೇಹ್ಯಗಳೆಂಬ ನಾಲ್ಕು ಬಗೆಯ ಆಹಾರವನ್ನೂ ಇರುಳಿನಲ್ಲಿ ತ್ಯಜಿಸುವುದು ಅದರ ಲಕ್ಷಣ. ಈ ನಿಯಮದ ಮೂಲ ಜೀವದಯೆ. ದೇಹಸೌಖ್ಯವು ಅದರ ಗುರಿಯಲ್ಲ. ಆದರೂ ಹೊತ್ತು ಮುಳುಗುವ ಮೊದಲೇ ಉಂಡವರಿಗೆ ಇರುಳಿನ ಎದೆಯುರಿ ಬಾರದೆಂದು ಅನೇಕರು ಭಾವಿಸುವುದುಂಟು. ವ್ರತವನ್ನು ತಪ್ಪದೆ ಪಾಲಿಸುವ ಮನೆಗಳಲ್ಲಿಯೂ ಹುಳಿತೇಗಿನಿಂದ ನಡುರಾತ್ರಿ ಎದ್ದು ಕೂರುವವರಿದ್ದಾರೆ. ಇದಕ್ಕೆ ಕಾರಣವೇನು?

ಬಾಧೆಯ ಸ್ವರೂಪ

ಅನ್ನನಾಳವು ಜಠರವನ್ನು ಸೇರುವೆಡೆಯಲ್ಲಿ ಬಳೆಯಾಕಾರದ ಸ್ನಾಯುವಿದೆ. ತುತ್ತು ಇಳಿಯುವಾಗ ಅದು ತೆರೆದು, ಬಳಿಕ ಮುಚ್ಚಿಕೊಳ್ಳುತ್ತದೆ. ಜಠರದ ಒಳಪೊರೆಯು ಜೀರ್ಣರಸದ ಆಮ್ಲವನ್ನು ತಾಳಬಲ್ಲುದು. ಅನ್ನನಾಳಕ್ಕೆ ಆ ಶಕ್ತಿಯಿಲ್ಲ. ಸ್ನಾಯು ಸಡಿಲವಾದಾಗ ಅಥವಾ ಹೊಟ್ಟೆಯ ಒತ್ತಡ ಹೆಚ್ಚಿದಾಗ ಆಮ್ಲವು ಮೇಲೇರಿ ಉರಿಯನ್ನುಂಟುಮಾಡುತ್ತದೆ. ಕುಳಿತಿರುವಾಗ ಅದು ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಮಲಗಿದಾಗ ಆ ಅನುಕೂಲವಿಲ್ಲ. ನಿದ್ರೆಯಲ್ಲಿ ಉಗುಳು ಒಸರುವುದೂ ಅದನ್ನು ನುಂಗುವುದೂ ಕಡಿಮೆಯಾಗುವುದರಿಂದ ಆಮ್ಲವು ಅಲ್ಲಿಯೇ ಬಹಳ ಹೊತ್ತು ನಿಲ್ಲುತ್ತದೆ.

ಕಾಲವೂ ಪ್ರಮಾಣವೂ

ಊಟಕ್ಕೂ ಶಯನಕ್ಕೂ ಕನಿಷ್ಠ 3 ಗಂಟೆಗಳ ಅಂತರವಿರಬೇಕೆಂದು ವೈದ್ಯರು ಹೇಳುತ್ತಾರೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸಿ 10 ಗಂಟೆಗೆ ಮಲಗುವವರಿಗೆ ಈ ಅಂತರವು ತಾನಾಗಿಯೇ ಒದಗುತ್ತದೆ. ಆದರೆ ಕಾಲವೊಂದೇ ಸಾಲದು. ಇರುಳೆಲ್ಲ ಏನೂ ಇಲ್ಲವೆಂಬ ಎಣಿಕೆಯಿಂದ ಎರಡು ಹೊತ್ತಿನ ಊಟವನ್ನು ಒಂದೇ ಹೊತ್ತಿಗೆ ಅವಸರದಿಂದ ಉಂಡು, ಬಾಯಾರಿಕೆಯಾದೀತೆಂದು ಚೊಂಬುಗಟ್ಟಲೆ ನೀರು ಕುಡಿದು, ಕೂಡಲೇ ಚಾಪೆಯ ಮೇಲೆ ಒರಗಿದರೆ ಜಠರವು ಹಿಗ್ಗಿ ಸ್ನಾಯು ಸಡಿಲುತ್ತದೆ. ಇಲ್ಲಿ ಕಾಲದ ನಿಯಮ ಉಳಿದಿದೆ. ಪ್ರಮಾಣದ ನಿಯಮ ಹೋಗಿದೆ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಬಾಹ್ಯ ತಪಸ್ಸುಗಳನ್ನು ಹೇಳುವಾಗ ಅನಶನದ ಬೆನ್ನಿಗೇ ಅವಮೌದರ್ಯವನ್ನು ಇರಿಸಲಾಗಿದೆ. ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಎರಡು ಆಹಾರಕ್ಕೆ, ಒಂದು ನೀರಿಗೆ, ಉಳಿದ ಒಂದು ವಾಯುಸಂಚಾರಕ್ಕೆ ಎಂಬುದು ಮೂಲಾಚಾರವು ಮುನಿಗಳಿಗೆ ವಿಧಿಸಿದ ಅಳತೆ. ಗೃಹಸ್ಥನ ಸಂಜೆಯ ಊಟಕ್ಕೂ ಇದು ಒಳ್ಳೆಯ ಮಾದರಿ. ಮಧ್ಯಾಹ್ನದ ಊಟವೇ ಮುಖ್ಯವಾಗಿ, ಸಂಜೆಯದು ಕಿರಿದಾಗಿರಲಿ. ನೀರನ್ನು ಹಗಲಿನಲ್ಲಿಯೇ ಆಗಾಗ ಸ್ವಲ್ಪಸ್ವಲ್ಪವಾಗಿ ಕುಡಿಯುವುದು ಲೇಸು.

ರಸಪರಿತ್ಯಾಗ

ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಇವು ಆರು ರಸಗಳು. ಇವುಗಳಲ್ಲಿ ತುಪ್ಪ, ಎಣ್ಣೆಗಳು ಹೆಚ್ಚಾದ ಊಟವು ಜಠರದಲ್ಲಿ ತಡವಾಗಿ ಜೀರ್ಣವಾಗುತ್ತದೆ. ಆದುದರಿಂದ ಸಂಜೆ ಕರಿದ ತಿಂಡಿಗಳನ್ನು ಬಿಡುವುದು ಯೋಗ್ಯ. ಖಾರ, ಹುಳಿ, ಕಾಫಿಗಳು ಎಲ್ಲರನ್ನೂ ಒಂದೇ ರೀತಿ ಬಾಧಿಸುವುದಿಲ್ಲ; ತನಗೆ ಯಾವುದು ಒಗ್ಗದೆಂಬುದನ್ನು ಪ್ರತಿಯೊಬ್ಬರೂ ಗಮನಿಸಿ ಬಿಡತಕ್ಕದ್ದು. ಹಾಲು ಕುಡಿದಾಗ ಉರಿ ಕ್ಷಣಕಾಲ ತಗ್ಗಿದರೂ, ಬಳಿಕ ಆಮ್ಲವು ಹೆಚ್ಚುವುದುಂಟು. ಉಪವಾಸದ ಮರುದಿನ ಹೋಳಿಗೆ ತುಪ್ಪಗಳಿಂದ ಪಾರಣೆ ಮಾಡದೆ, ಗಂಜಿ ಅಥವಾ ಹೆಸರುಬೇಳೆಯ ತೊವ್ವೆಯಿಂದ ಆರಂಭಿಸುವುದು ಹಿತಕರ.

ಶಯನಕ್ರಮ

ಊಟದ ನಂತರ ನಿಧಾನವಾಗಿ ನಡೆದಾಡಿ, ಸಾಮಾಯಿಕ ಸ್ವಾಧ್ಯಾಯಗಳಿಗೆ ನೆಟ್ಟಗೆ ಕುಳಿತರೆ ಜೀರ್ಣಕ್ಕೆ ಅವಕಾಶ ದೊರೆಯುತ್ತದೆ. ಮಲಗುವಾಗ ಉಡುಪು ಸೊಂಟದಲ್ಲಿ ಸಡಿಲವಾಗಿರಲಿ. ಮಂಚದ ತಲೆಯ ಕಡೆಯ ಕಾಲುಗಳಿಗೆ ಮರದ ತುಂಡುಗಳನ್ನಿಟ್ಟು 6ರಿಂದ 8 ಅಂಗುಲ ಎತ್ತರಿಸಬೇಕು. ದಿಂಬುಗಳನ್ನು ಪೇರಿಸಿದರೆ ಕತ್ತು ಬಾಗಿ ಹೊಟ್ಟೆ ಒತ್ತುವುದೇ ಹೊರತು ಪ್ರಯೋಜನವಿಲ್ಲ. ನೆಲದ ಮೇಲೆ ಮಲಗುವವರು ಸೊಂಟದಿಂದ ತಲೆಯವರೆಗೆ ಇಳಿಜಾರಾಗುವಂತೆ ಹಾಸಿಗೆಯನ್ನು ಹೊಂದಿಸಿಕೊಳ್ಳಬಹುದು. ಎಡಮಗ್ಗುಲಾಗಿ ಮಲಗುವುದು ಉತ್ತಮ. ಮೈಭಾರ ಹೆಚ್ಚಿರುವವರು ಅದನ್ನು ಇಳಿಸಿದರೆ ಬಾಧೆಯೂ ಇಳಿಯುತ್ತದೆ.

ಔಷಧವೂ ವ್ರತವೂ

ಇಷ್ಟಾದರೂ ವಾರವಾರವೂ ಉರಿ ಮರುಕಳಿಸಿದರೆ ವೈದ್ಯರನ್ನು ಕಾಣಬೇಕು. ರಾತ್ರಿ ಔಷಧ ಕೊಟ್ಟಾರೆಂಬ ಅಂಜಿಕೆಯಿಂದ ಕಾಯಿಲೆಯನ್ನು ಮುಚ್ಚಿಡುವುದು ಸಲ್ಲದು. ಆಮ್ಲವನ್ನು ತಗ್ಗಿಸುವ ಮಾತ್ರೆಗಳಲ್ಲಿ ಅನೇಕವನ್ನು ಬೆಳಗಿನ ಆಹಾರಕ್ಕೆ ಅರ್ಧ ಗಂಟೆ ಮೊದಲು ಸೇವಿಸುವ ಪದ್ಧತಿಯಿದೆ. ನಿಯಮವನ್ನು ಮೊದಲೇ ತಿಳಿಸಿದರೆ ವೈದ್ಯರು ಅದಕ್ಕೆ ತಕ್ಕಂತೆ ವ್ಯವಸ್ಥೆ ಮಾಡಬಲ್ಲರು. ಬೇರೆ ಕಾಯಿಲೆಗಳ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.

ನುಂಗಲು ಕಷ್ಟ, ಕಾರಣವಿಲ್ಲದೆ ಮೈ ಇಳಿಯುವುದು, ರಕ್ತವಾಂತಿ, ಕಪ್ಪು ಮಲ ಇವು ಕಂಡರೆ ತಡಮಾಡಲಾಗದು. ಎದೆ ಬಿಗಿದು ಬೆವರು, ಏದುಸಿರು ಉಂಟಾದರೆ ಅಥವಾ ನೋವು ತೋಳಿಗೋ ದವಡೆಗೋ ಹರಿದರೆ ಅದು ಹೃದಯದ ತೊಂದರೆಯಾಗಿರಬಹುದು. ಎದೆಯುರಿಯೆಂದು ಬೆಳಗಿನವರೆಗೆ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಹೊತ್ತಿಗೆ ಮುನ್ನ ಉಣ್ಣುವುದರೊಂದಿಗೆ ಹಸಿವು ಇನ್ನೂ ಸ್ವಲ್ಪ ಉಳಿದಿರುವಾಗಲೇ ಏಳುವ ಅಭ್ಯಾಸವೂ ಸೇರಲಿ. ಅದರಿಂದ ಇರುಳಿನ ನಿದ್ರೆಯೂ ಮುಂಜಾನೆಯ ಧ್ಯಾನವೂ ಬಾಧೆಯಿಲ್ಲದೆ ಸಾಗುವುವು.