ಬೆನ್ನೀರು, ಉನ್ಹಾಳೆ, ಹಲಗೆಹಾದಿ: ಬಿಸಿನೀರಿನ ಬುಗ್ಗೆಗಳ ಪದಾಧ್ಯಯನ

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ವಿದ್ಯಾರ್ಥಿಗೆ ನೆಲದಿಂದ ಜಿನುಗುವ ನೀರು ಅಪರಿಚಿತವಲ್ಲ. ಬೇಸಿಗೆಯಲ್ಲಿ ಹೊಳೆಯ ಪಾತ್ರ ಬತ್ತಿದಾಗ ಮರಳು ತೋಡಿದಲ್ಲಿ ಒಸರುವ ನೀರಿಗೆ ಗ್ರಂಥಭಾಷೆಯಲ್ಲಿ ‘ಒರತೆ’, ಈ ಭಾಗದ ಆಡುಮಾತಿನಲ್ಲಿ ‘ಒರತಿ’ ಎಂಬ ಹೆಸರಿದೆ. ಬಾವಿಯ ತಳಕ್ಕೆ ಹರಿದುಬರುವ ನೀರಿನ ಎಳೆ ‘ಸೆಲೆ’. ತಾನಾಗಿ ಮೇಲೆ ಉಕ್ಕುವುದು ‘ಬುಗ್ಗೆ’ ಅಥವಾ ‘ಚಿಲುಮೆ’. ಇವು ಸಮಾನಾರ್ಥಕ ಪದಗಳಂತೆ ಕಂಡರೂ ನೀರು ಹೊರಬರುವ ಬಗೆಯನ್ನು ಒಂದೊಂದೂ ಬೇರೆಯಾಗಿ ಹಿಡಿಯುತ್ತದೆ.

ಉಕ್ಕುವ ನೀರು ಬಿಸಿಯಾಗಿದ್ದರೆ? ಇಂದಿನ ರೂಢಿಯ ಪದ ‘ಬಿಸಿನೀರು’. ಅದಕ್ಕಿಂತ ಹಳೆಯದು ‘ಬೆನ್ನೀರ್’. ‘ಬೇ’ (ಬೇಯು) ಎಂಬ ಧಾತುವಿನ ಬಳಗಕ್ಕೆ ಸೇರಿದ ಈ ಪದಕ್ಕೆ ತಮಿಳಿನ ‘ವೆನ್ನೀರ್’ ಜ್ಞಾತಿಪದ; ತಮಿಳಿನ ಪದಾದಿ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವ ನಿಯಮಕ್ಕೆ ಇದು ಒಳ್ಳೆಯ ಉದಾಹರಣೆ. ತುಳುವಿನಲ್ಲಿ ಬಿಸಿನೀರು ‘ಬೆಂದ್ರ್’. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲೂಕಿನ ಇರ್ದೆಯಲ್ಲಿರುವ ‘ಬೆಂದ್ರ್ ತೀರ್ಥ’ ಈ ಪದವನ್ನು ಸ್ಥಳನಾಮವಾಗಿ ಉಳಿಸಿಕೊಂಡಿದೆ. ಅಲ್ಲಿಯ ನೀರು ಮೈಯ ಉಷ್ಣತೆಗೆ ಸಮೀಪವಾದ ಹದದ ಬಿಸಿಯುಳ್ಳದ್ದು.

ಮರಾಠಿಯ ದಾರಿ ಬೇರೆ. ಸಂಸ್ಕೃತದ ‘ಉಷ್ಣ’ ಪ್ರಾಕೃತದಲ್ಲಿ ‘ಉಣ್ಹ’ ಎಂದಾಗಿ, ಮರಾಠಿಯಲ್ಲಿ ‘ಊನ’ ಎಂದು ಉಳಿದಿದೆ. ‘ಉನ್ಹಾಳಾ’ ಎಂದರೆ ಬೇಸಿಗೆ, ‘ಉನ್ಹಾಳೆ’ ಎಂದರೆ ಬಿಸಿನೀರಿನ ಬುಗ್ಗೆ. ರತ್ನಾಗಿರಿ ಜಿಲ್ಲೆಯ ಉನ್ಹವರೆ, ರಾಜಾಪುರದ ಬಳಿಯ ಉನ್ಹಾಳೆ, ರಾಯಗಡ ಜಿಲ್ಲೆಯ ಉನ್ಹೇರೆ, ನಾಂದೇಡ ಜಿಲ್ಲೆಯ ಉನಕೇಶ್ವರ, ಇವೆಲ್ಲ ಬಿಸಿನೀರಿನ ಬುಗ್ಗೆಗಳಿರುವ ಸ್ಥಳಗಳು. ಎರಡೂ ಭಾಷೆ ಬಲ್ಲ ವಿದ್ಯಾರ್ಥಿಗೆ ಇಲ್ಲೊಂದು ಎಚ್ಚರಿಕೆ: ಕನ್ನಡದಲ್ಲಿ ‘ಊನ’ ಎಂದರೆ ಕೊರತೆ. ಧ್ವನಿಸಾಮ್ಯವೊಂದನ್ನೇ ನೆಚ್ಚಿ ವ್ಯುತ್ಪತ್ತಿ ಹೇಳಬಾರದು. ಊರಿನಲ್ಲಿ ನಿಜಕ್ಕೂ ಬಿಸಿನೀರು ಇದೆಯೇ ಎಂಬ ಭೂಸಾಕ್ಷ್ಯವೂ ಬೇಕು.

ಸೊಲ್ಲಾಪುರದ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದಿಂದ ಆದದ್ದು. ಕೊಂಕಣದ ನೀರು ಬಿಸಿಯಾಗಲು ಆ ಲಾವಾರಸವೇ ಕಾರಣವೆಂದು ಊಹಿಸುವುದು ಸಹಜ. ಆದರೆ ಆ ಶಾಖ ಎಂದೋ ಆರಿಹೋಗಿದೆ. ಭೂಮಿಯೊಳಗೆ ಪ್ರತಿ ಕಿಲೋಮೀಟರ್ ಆಳಕ್ಕೆ ಉಷ್ಣತೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಮಳೆನೀರು ಬಂಡೆಯ ಬಿರುಕುಗಳ ಮೂಲಕ ಆಳಕ್ಕಿಳಿದು, ಕಾದು, ಸ್ತರಭಂಗಗಳ ಹಾದಿಯಲ್ಲಿ ಮೇಲೇರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಅಂಥ ಬಿರುಕುಗಳು ಉದ್ದಕ್ಕೂ ಹಬ್ಬಿರುವುದರಿಂದ ಬುಗ್ಗೆಗಳೂ ಸಾಲಾಗಿವೆ. ಉನ್ಹವರೆಯಲ್ಲಿ ಉಷ್ಣತೆ ಸುಮಾರು 70 ಡಿಗ್ರಿಯಷ್ಟಿದೆ.

ಅಮೆರಿಕದಲ್ಲಿ 1872ರಲ್ಲಿ ಸ್ಥಾಪಿತವಾದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಸ್ಥಿತಿ ಭಿನ್ನ. ಅಲ್ಲಿ ನೆಲದಡಿಯ ಶಿಲಾಪಾಕವೇ ನೀರನ್ನು ಕಾಯಿಸುತ್ತದೆ. ಬುಗ್ಗೆಗಳ ಸುತ್ತಲಿನ ನೆಲ ತೆಳುವಾದ ಖನಿಜದ ಹೊದಿಕೆ ಮಾತ್ರ. ಕಾಲಿಟ್ಟರೆ ಕುಸಿಯಬಹುದು, ಕೆಳಗೆ ಕುದಿಯುವ ನೀರು. ಆದುದರಿಂದ ಸಂದರ್ಶಕರು ಮರದ ಹಲಗೆ ಜೋಡಿಸಿದ ಎತ್ತರದ ದಾರಿಯಲ್ಲೇ ನಡೆಯಬೇಕು. ಅಲ್ಲಿಯ ಬಿಸಿನೀರಿನಲ್ಲಿ ಬೆಂದು 20ಕ್ಕೂ ಹೆಚ್ಚು ಜನ ಸತ್ತಿದ್ದಾರೆ.

ಈ ದಾರಿಗೆ ಕನ್ನಡದಲ್ಲಿ ‘ಹಲಗೆಹಾದಿ’ ಎನ್ನಬಹುದು. ‘ಹಲಗೆ’ ಎಂಬುದು ಸಂಸ್ಕೃತದ ‘ಫಲಕ’ದ ತದ್ಭವ. ಎಚ್ಚರಿಕೆ ನೀಡುವ ಫಲಕ, ಕಾಲಿಗೆ ಆಧಾರವಾಗುವ ಹಲಗೆ, ಎರಡೂ ಮೂಲದಲ್ಲಿ ಒಂದೇ ಪದ. ಪ್ರಾಣ ಕಾಯುವ ಕೆಲಸದಲ್ಲಿಯೂ ಅವು ಜೊತೆಗಾರರು. ‘ತೀರ್ಥ’ ಎಂಬ ಪದ ಮೀಯಲು ಕರೆಯುತ್ತದೆ. ಇರ್ದೆಯ ಹದಬಿಸಿ ನೀರಿಗೆ ಆ ಕರೆ ಸಲ್ಲುತ್ತದೆ. 70 ಡಿಗ್ರಿಯ ನೀರಿಗೆ ಸಲ್ಲದು. ಕೊಂಕಣದ ಕುಂಡವೊಂದರ ಬಳಿ ‘ಪವಿತ್ರ ಸ್ಥಳ’ ಎಂದಷ್ಟೇ ಬರೆದರೆ ಸಾಲದು, ‘ಮೈ ಸುಡುವ ನೀರು’ ಎಂದೂ ಬರೆಯಬೇಕು. ಗಡಿನಾಡಿನಲ್ಲಿ ಆ ಮಾತನ್ನು ಎರಡು ಭಾಷೆಗಳಲ್ಲಿ ತಪ್ಪಿಲ್ಲದೆ ಬರೆಯಬಲ್ಲವರ ವಿದ್ಯೆಗೆ ಬೆಲೆಯಿದೆ.

ಅಭ್ಯಾಸ:
1. ‘ಬಿಸಿನೀರು’, ‘ಹಲಗೆಹಾದಿ’ ಪದಗಳನ್ನು ಬಿಡಿಸಿ ಸಮಾಸದ ಹೆಸರು ತಿಳಿಸಿರಿ.
2. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರವಿರುವ ಐದು ಪದಗಳನ್ನು ಸಂಗ್ರಹಿಸಿರಿ.
3. ನಿಮ್ಮ ಊರಿನ ಜಲಮೂಲಗಳ ಹೆಸರುಗಳನ್ನು ಹಿರಿಯರಿಂದ ಕೇಳಿ, ಕನ್ನಡ ಮತ್ತು ಮರಾಠಿ ರೂಪಗಳನ್ನು ಪಟ್ಟಿ ಮಾಡಿರಿ.
4. ಬಿಸಿನೀರಿನ ಕುಂಡವೊಂದಕ್ಕೆ ಹತ್ತು ಪದಗಳೊಳಗಿನ ಎಚ್ಚರಿಕೆಯ ಫಲಕವನ್ನು ಎರಡೂ ಭಾಷೆಗಳಲ್ಲಿ ರಚಿಸಿರಿ.