ತಿಂದು ಮುಗಿಯಲಿ, ಬಳಸಿ ಸವೆಯಲಿ

ಬೆಂಗಳೂರಿನ ಮನೆಗಳ ಅಟ್ಟ ಹತ್ತಿ ನೋಡಿದರೆ ಪುಟ್ಟದೊಂದು ಅಂಗಡಿಯನ್ನೇ ಇಡಬಹುದು. ಗೃಹಪ್ರವೇಶಕ್ಕೆ ಬಂದ ಗೋಡೆ ಗಡಿಯಾರಗಳು, ನಾಮಕರಣದ ಪ್ಲಾಸ್ಟಿಕ್ ಬುಟ್ಟಿ, ಯಾರ ಮದುವೆಯದೋ ಹೆಸರು ಕೆತ್ತಿದ ಸ್ಟೀಲ್ ಡಬ್ಬಿಗಳು. ಕೊಟ್ಟವರ ದುಡ್ಡೂ ಹೋಯಿತು, ಪಡೆದವರ ಜಾಗವೂ ಹೋಯಿತು.

ಹುಬ್ಬಳ್ಳಿಯಿಂದ ಬಂದು ಇಲ್ಲಿ ನೆಲೆಸಿರುವ, ಈ ಅಂಕಣ ಬರೆಯುವಾಕೆ ದೀಪಾವಳಿಗೆ ಈಗ ಎರಡೇ ಬಗೆಯ ಉಡುಗೊರೆ ಕೊಡುತ್ತಾಳೆ: ತಿಂದು ಮುಗಿಯುವಂಥದ್ದು, ಇಲ್ಲವೇ ಬಳಸಿ ಸವೆಯುವಂಥದ್ದು.

ತಿನಿಸಿನಲ್ಲಿ ಶೇಂಗಾ ಉಂಡಿಗೇ ಮೊದಲ ಮಣೆ. ಒಂದು ಕೆ.ಜಿ. ಶೇಂಗಾ, ಮುಕ್ಕಾಲು ಕೆ.ಜಿ. ಬೆಲ್ಲ, ಒಂದಿಷ್ಟು ಏಲಕ್ಕಿ, ಹುರಿಯುವ ಗ್ಯಾಸು ಎಲ್ಲ ಸೇರಿ ಅವಳ ಲೆಕ್ಕದಲ್ಲಿ ಸುಮಾರು 220 ರೂಪಾಯಿ. ಅಷ್ಟಕ್ಕೆ ಆರೇಳು ಮನೆಗಾಗುವಷ್ಟು ಉಂಡಿ. ಸಿಪ್ಪೆ ಕೇರುವ, ಕುಟ್ಟುವ, ಕಟ್ಟುವ ಒಂದು ಮಧ್ಯಾಹ್ನದ ದುಡಿಮೆ ಇದರಲ್ಲಿ ಸೇರಿಲ್ಲ. ಆ ಮಧ್ಯಾಹ್ನವೇ ಸಿಗದವರಿಗೆ ಈ ಲೆಕ್ಕ ಅಗ್ಗವಲ್ಲ.

ಮನೆಯಲ್ಲಿ ಮಾಡಿದ್ದೆಲ್ಲ ಉಳಿತಾಯ ಎಂದುಕೊಳ್ಳುವುದೂ ತಪ್ಪು. ನಂದಿನಿ ತುಪ್ಪದ ಬೆಲೆ 2025ರ ನವೆಂಬರ್‌ನಲ್ಲಿ ಲೀಟರಿಗೆ 700 ರೂಪಾಯಿ ಮುಟ್ಟಿತು. ಅಷ್ಟು ತುಪ್ಪ ಸುರಿದ ಮೇಲೆ ಪಾಕ ಕೈಕೊಟ್ಟರೆ ಮೈಸೂರು ಪಾಕನ್ನು ಮನೆಯವರೇ ಗುಟ್ಟಾಗಿ ತಿಂದು ಮುಗಿಸಬೇಕು. ಅದನ್ನು ಕೈಪಳಗಿದ ಅಂಗಡಿಯವರಿಗೇ ಬಿಡುವುದು ಲೇಸು. ಅಂದಹಾಗೆ, 2025ರ ಸೆಪ್ಟೆಂಬರ್ 22ರಿಂದ ಕುರುಕಲು ತಿಂಡಿಯ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ, ಸ್ನಾನದ ಸೋಪಿನದು ಶೇ 18ರಿಂದ 5ಕ್ಕೆ ಇಳಿದಿದೆ. ನೂರು ವರ್ಷ ದಾಟಿದ ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆ ಯಾರ ಮನೆಯಲ್ಲೂ ಅಟ್ಟ ಸೇರುವುದಿಲ್ಲ.

ಬಳಸುವ ವಸ್ತುಗಳಲ್ಲಿ ಹುಷಾರಾಗಿರಬೇಕಾದದ್ದು ‘ಪರಿಸರಸ್ನೇಹಿ’ ಎಂಬ ಚೀಟಿಯ ಬಗ್ಗೆ. ಲೋಟ ಎತ್ತಿ ಕುಡಿಯುವ ಮನೆಗೆ ಸ್ಟೀಲ್ ಸ್ಟ್ರಾ ಯಾಕೆ? ಹತ್ತಿ ಚೀಲದ ಕಥೆಯಂತೂ ಕಣ್ಣು ತೆರೆಸುವಂಥದ್ದು. ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಹತ್ತಿ ಚೀಲವೊಂದು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲೆನಿಸಬೇಕಾದರೆ, ಹವಾಮಾನದ ಮೇಲಿನ ಪರಿಣಾಮವೊಂದನ್ನೇ ಗಣಿಸಿದರೂ 52 ಸಲ ಬಳಸಬೇಕು. ಎಲ್ಲ ಬಗೆಯ ಪರಿಸರ ಹಾನಿಯನ್ನೂ ಅಳೆದರೆ 7,100 ಸಲ! ಹೊಸ ಬಟ್ಟೆಗೆ ಘೋಷಣೆ ಅಚ್ಚು ಹಾಕಿಸಿ ಹಂಚುವುದರಲ್ಲಿ ಹಾಗಾಗಿ ಅರ್ಥವಿಲ್ಲ. ಹಳೇ ಸೀರೆಗಳಲ್ಲಿ ಕೌದಿ ಹೊಲಿಯುವ ಸೀಮೆಯಿಂದ ಬಂದವಳಿಗೆ ದಾರಿ ಹೊಳೆಯುವುದು ಕಷ್ಟವಾಗಲಿಲ್ಲ. ಸವೆದ ಕಾಟನ್ ಸೀರೆಗಳನ್ನು ಬೀದಿ ತುದಿಯ ದರ್ಜಿಗೆ ಕೊಟ್ಟು ಚೀಲ ಹೊಲಿಸುತ್ತಾಳೆ; ಒಂದಕ್ಕೆ 30 ರೂಪಾಯಿ ಕೂಲಿ.

ಉಂಡಿ ತುಂಬಲು ಅಟ್ಟದ ಆ ಸ್ಟೀಲ್ ಡಬ್ಬಿಗಳೇ ಇಳಿದು ಬರುತ್ತವೆ. ಸಿಹಿತಿಂಡಿ ಪೊಟ್ಟಣದ ಮೇಲೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದಲೇ ನಿಷೇಧಿಸಿದೆ, ಆದರೂ ಹಬ್ಬದ ವಾರ ಅದು ಎಲ್ಲೆಲ್ಲೂ ಮಿಂಚುತ್ತದೆ. ಡಬ್ಬಿಯ ಇನ್ನೊಂದು ಲಾಭ, ಅದು ಖಾಲಿ ವಾಪಸು ಬರುವುದಿಲ್ಲ. ಒಮ್ಮೆ ಕೋಡುಬಳೆ, ಒಮ್ಮೆ ಹಿಡಿ ಕರಿಬೇವು. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆ.

ಮನೆಗೆಲಸದಾಕೆಗೆ, ಕಾವಲುಗಾರರಿಗೆ ಮಾತ್ರ ಈ ಮಿತವ್ಯಯ ನಡೆಯದು. ಕೆಲಸದಾಕೆಗೆ ಹಬ್ಬಕ್ಕೊಂದು ತಿಂಗಳ ಸಂಬಳ ಕೊಟ್ಟ ಮೇಲೆಯೇ ಉಂಡಿಯ ಮಾತು. ಅಪಾರ್ಟ್‌ಮೆಂಟಿನ ಸಭೆಯೊಂದರಲ್ಲಿ ಕಾವಲುಗಾರರಿಗೆ ದುಡ್ಡಿನ ಬದಲು ಬಟ್ಟೆ ಚೀಲ ಕೊಡೋಣ ಎಂಬ ಸಲಹೆ ಬಂತು. ಸುದ್ದಿ ತಿಳಿದ ರಾಯಚೂರು ಕಡೆಯ ಕಾವಲುಗಾರ ಗೇಟಿನ ಬಳಿ ಈ ಅಂಕಣದಾಕೆಯನ್ನು ಕೇಳಿದ: “ಚೀಲ ಚಲೋನ ಐತ್ರೀ ಅಕ್ಕಾರ, ಅದರಾಗ ಹಾಕಾಕ ಏನರ ಬೇಕಲ್ರೀ?” ಆ ವರ್ಷವೂ ಮನೆಮನೆಯಿಂದ ಎಂದಿನಂತೆ ದುಡ್ಡೇ ಸೇರಿತು.