ಕಾಲಿನ ಸ್ನಾಯು ಬೆಳೆಯಬೇಕೇ? ವಾರಕ್ಕೆ ಒಂದು ದಿನ ಸಾಲದು, ಆರು ದಿನ ಬೇಡ

ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಗೆ ಹೊಂದಿಕೊಂಡು, ಹೈಕೋರ್ಟ್ ಪೀಠದ ನೆರೆಯಲ್ಲೇ ಇದೆ ಬೇಲೂರು ಕೈಗಾರಿಕಾ ಪ್ರದೇಶ. ಇಂಥ ಕಡೆ ಮಷಿನ್ ಮುಂದೆ ಎಂಟು ತಾಸು ನಿಂತು ಪಾಳಿ ಮುಗಿಸಿದವರಿಗೆ ಜಿಮ್‌ನಲ್ಲಿ ಎದೆ, ತೋಳುಗಳ ವ್ಯಾಯಾಮ ಅಷ್ಟು ಭಾರವೆನಿಸುವುದಿಲ್ಲ. ಕಾಲಿನ ಸರದಿ ಬಂದಾಗಲೇ ಮನಸ್ಸು ಹಿಂದೇಟು ಹಾಕುವುದು, ಏಕೆಂದರೆ ಕಾಲು ಮೊದಲೇ ದಣಿದಿರುತ್ತದೆ. ಹೀಗಾಗಿ ಹಲವರು ‘ಲೆಗ್ ಡೇ’ಯನ್ನು ವಾರದ ರಜೆಗೆ ತಳ್ಳಿ, ಆ ಒಂದೇ ದಿನ ಎರಡು ತಾಸು ಬೆವರು ಹರಿಸಿ, ಮುಂದಿನ ಮೂರು ದಿನ ಮೆಟ್ಟಿಲು ಇಳಿಯಲಾಗದೆ ಒದ್ದಾಡುತ್ತಾರೆ. ಇನ್ನು ಕೆಲವರು ದಿನಾ ಬೆಳಗ್ಗೆ ನೂರಿನ್ನೂರು ಬಸ್ಕಿ ಹೊಡೆದು, ತಿಂಗಳುಗಟ್ಟಲೆ ಮಾಡಿದರೂ ತೊಡೆ ದಪ್ಪವಾಗಲಿಲ್ಲವೆಂದು ಕೈಬಿಡುತ್ತಾರೆ. ಎರಡರಲ್ಲೂ ಶ್ರಮ ಬಹಳ, ಫಲ ಕಡಿಮೆ. ದುಡಿಯುವ ಮನುಷ್ಯನಿಗೆ ಹೊಂದುವ ಲೆಕ್ಕ ಇವೆರಡರ ನಡುವೆ ಇದೆ: ವಾರಕ್ಕೆ ಎರಡು ದಿನ, ಆ ಎರಡರ ನಡುವೆ ಕನಿಷ್ಠ ಎರಡು ದಿನದ ಬಿಡುವು. ಹೀಗೇಕೆ, ಇದನ್ನು ಪಾಳಿಗೆ ಹೊಂದಿಸುವುದು ಹೇಗೆ ಎಂಬುದನ್ನು ಹಂತಹಂತವಾಗಿ ನೋಡೋಣ.

ಹಂತ 1: ದಿನಗಳಿಗಿಂತ ಮೊದಲು ಸೆಟ್‌ಗಳನ್ನು ಎಣಿಸಿ

ಭಾರ ಎತ್ತಿದ ಮೇಲೆ ಸ್ನಾಯುವಿನೊಳಗೆ ಹೊಸ ಪ್ರೋಟೀನ್ ಕಟ್ಟುವ ಕೆಲಸ ಚುರುಕಾಗುತ್ತದೆ. 1997ರಲ್ಲಿ ಸ್ಟುವರ್ಟ್ ಫಿಲಿಪ್ಸ್ ಮತ್ತು ಸಂಗಡಿಗರು ಇದನ್ನು ತೊಡೆಯ ಸ್ನಾಯುವಿನಲ್ಲೇ ಅಳೆದರು. ವ್ಯಾಯಾಮ ಮುಗಿದ 3 ತಾಸಿಗೆ ಈ ಕೆಲಸದ ವೇಗ ಮಾಮೂಲಿಗಿಂತ ಶೇ 112ರಷ್ಟು ಹೆಚ್ಚಿತ್ತು, 24 ತಾಸಿಗೆ ಶೇ 65ಕ್ಕೆ, 48 ತಾಸಿಗೆ ಶೇ 34ಕ್ಕೆ ಇಳಿದಿತ್ತು. ಅಂದರೆ ರವಿವಾರ ಕೊಟ್ಟ ಪ್ರಚೋದನೆ ಬುಧವಾರದ ಹೊತ್ತಿಗೆ ಬಹುಪಾಲು ತೀರಿಹೋಗಿರುತ್ತದೆ. ಮುಂದಿನ ರವಿವಾರದವರೆಗೆ ಕಾಯುವವರ ಸ್ನಾಯುವಿಗೆ ವಾರದ ಅರ್ಧ ಭಾಗ ಬೆಳೆಯಲು ಹೊಸ ಕಾರಣವೇ ಇರುವುದಿಲ್ಲ. 2016ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು 10 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿ, ಒಂದು ಸ್ನಾಯುವಿಗೆ ವಾರಕ್ಕೆ ಒಮ್ಮೆ ಕೆಲಸ ಕೊಡುವುದಕ್ಕಿಂತ ಎರಡು ಸಲ ಕೊಡುವುದು ಬೆಳವಣಿಗೆಗೆ ಮೇಲು ಎಂಬ ತೀರ್ಮಾನಕ್ಕೆ ಬಂದರು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2019ರಲ್ಲಿ ಅದೇ ಶೋನ್‌ಫೆಲ್ಡ್ ಬೇರೆ ಸಂಗಡಿಗರೊಂದಿಗೆ 25 ಅಧ್ಯಯನಗಳನ್ನು ನೋಡಿದಾಗ ಇನ್ನೊಂದು ಸಂಗತಿ ಸ್ಪಷ್ಟವಾಯಿತು. ವಾರದ ಒಟ್ಟು ಕೆಲಸ ಸಮನಾಗಿದ್ದರೆ ಅದನ್ನು ಒಂದು ದಿನ ಮಾಡಿದರೂ ಮೂರು ದಿನಕ್ಕೆ ಹಂಚಿದರೂ ಫಲದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಒಟ್ಟು ಕೆಲಸ ಹೆಚ್ಚಿದಾಗ ಮಾತ್ರ ವ್ಯತ್ಯಾಸ ಕಂಡಿದೆ. 2017ರ ಪರಿಶೀಲನೆಯೊಂದರಲ್ಲಿ ಒಂದು ಸ್ನಾಯುವಿಗೆ ವಾರಕ್ಕೆ 5ಕ್ಕಿಂತ ಕಡಿಮೆ ಸೆಟ್ ಮಾಡಿದವರಲ್ಲಿ ಸರಾಸರಿ ಬೆಳವಣಿಗೆ ಶೇ 5.4, 5ರಿಂದ 9 ಸೆಟ್ ಮಾಡಿದವರಲ್ಲಿ ಶೇ 6.6, 10 ಅಥವಾ ಹೆಚ್ಚು ಮಾಡಿದವರಲ್ಲಿ ಶೇ 9.8 ಇತ್ತು. ಈ ಎರಡು ಮಾತುಗಳನ್ನು ಕೂಡಿಸಿ ಓದಬೇಕು. ಎರಡು ಎಂಬ ಅಂಕಿಯಲ್ಲಿ ಯಾವ ಮಂತ್ರವೂ ಇಲ್ಲ. ವಾರಕ್ಕೆ ಬೇಕಾದ 10 ಸೆಟ್‌ಗಳನ್ನು ಒಂದೇ ದಿನ ತುರುಕಿದರೆ ಆರನೆಯ ಸೆಟ್‌ನಿಂದಾಚೆಗೆ ಭಾರ ಇಳಿಯುತ್ತದೆ, ಬೆನ್ನು ಬಾಗುತ್ತದೆ, ಲೆಕ್ಕಕ್ಕೆ ಹತ್ತಾದರೂ ಗುಣದಲ್ಲಿ ಅದು ಆರೇಳರಷ್ಟೇ. ಐದೈದಾಗಿ ಹಂಚಿದರೆ ಹತ್ತೂ ಗಟ್ಟಿಯಾಗಿ ಉಳಿಯುತ್ತವೆ. ಸೆಟ್ ಕೆಡದಂತೆ ಹಂಚಲು ಬೇಕಾದ ಅತಿ ಕಡಿಮೆ ದಿನಗಳು ಎರಡು. ಸಮಯದ ಅಭಾವ ಇರುವವರಿಗೆ ‘ಅತಿ ಕಡಿಮೆ’ ಎಂಬುದೇ ಮುಖ್ಯ.

ಹಂತ 2: ಪಾಳಿ ಪಟ್ಟಿ ನೋಡಿ ದಿನ ಗೊತ್ತು ಮಾಡಿ

ವಾರದ ರಜೆ ಯಾವ ದಿನವೋ ಅದೇ ಮೊದಲ ದಿನವಾಗಲಿ. ಎರಡನೆಯದು ಅಲ್ಲಿಂದ ಮೂರು ಅಥವಾ ನಾಲ್ಕು ದಿನಕ್ಕೆ ಬರಲಿ. ರಜೆ ರವಿವಾರವಾದರೆ ಬುಧವಾರ ಇಲ್ಲವೇ ಗುರುವಾರ. ಬೆಳಗಿನ ಪಾಳಿ ಇದ್ದ ವಾರ ಮನೆಗೆ ಬಂದು, ಏನಾದರೂ ತಿಂದು, ಒಂದೆರಡು ತಾಸು ಕಾಲಿಗೆ ವಿಶ್ರಾಂತಿ ಕೊಟ್ಟು ಸಂಜೆ ಮಾಡಿ. ಮಧ್ಯಾಹ್ನದ ಪಾಳಿಯ ವಾರ ಬೆಳಗ್ಗೆ ನಾಷ್ಟಾ ಆದ ಒಂದೂವರೆ ತಾಸಿನ ನಂತರ ಮಾಡಿ. ತೊಡಕಿನದು ರಾತ್ರಿ ಪಾಳಿ. ಬೆಳಗ್ಗೆ ಗೇಟು ದಾಟಿದವರೇ ನೇರ ಜಿಮ್‌ಗೆ ಹೋಗಿ ಸ್ಕ್ವಾಟ್ ಬಾರ್ ಹೆಗಲಿಗೇರಿಸುವುದು ಬೇಡ. ನಿದ್ದೆಗೆಟ್ಟಾಗ ಗಮನ ಜಾರುತ್ತದೆ, ಭಾರ ಹೊತ್ತು ಕುಳಿತೇಳುವಾಗ ಬೇಕಾದದ್ದು ಅದೇ ಗಮನ. ಹಗಲು ನಿದ್ದೆ ಮುಗಿಸಿ, ಸಂಜೆ ಪಾಳಿಗೆ ಹೊರಡುವ ಎರಡು ಮೂರು ತಾಸು ಮೊದಲು ಮಾಡುವುದು ಲೇಸು. ಪಾಳಿ ಬದಲಾಗುವ ವಾರ ಒಂದು ದಿನ ತಪ್ಪಿಹೋದರೆ ಅದನ್ನು ಉಳಿದ ದಿನದ ಮೇಲೆ ಹೇರಬೇಡಿ. ಒಂದು ವಾರ ಕಡಿಮೆಯಾದದ್ದರಿಂದ ಸ್ನಾಯು ಕರಗುವುದಿಲ್ಲ.

ಹಂತ 3: ಎರಡು ದಿನಕ್ಕೆ ಎರಡು ಬಗೆಯ ಕೆಲಸ ಕೊಡಿ

ಸ್ಕ್ವಾಟ್ ಒಂದನ್ನೇ ಮಾಡಿದರೆ ಇಡೀ ಕಾಲಿಗೆ ಸಾಕು ಎಂಬ ನಂಬಿಕೆ ಬಲವಾಗಿದೆ. ಜಪಾನಿನ ಕೆಯಿತಾರೊ ಕುಬೊ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅರ್ಧ ಮಾತ್ರ ಒಪ್ಪುತ್ತದೆ. 10 ವಾರ ತರಬೇತಿ ಪಡೆದವರಲ್ಲಿ ಪೂರ್ತಿ ಕೆಳಗಿಳಿದು ಸ್ಕ್ವಾಟ್ ಮಾಡಿದವರ ಪೃಷ್ಠ ಮತ್ತು ಒಳತೊಡೆ, ಅರ್ಧಕ್ಕೆ ನಿಲ್ಲಿಸಿದವರಿಗಿಂತ ಹೆಚ್ಚು ಬೆಳೆದವು. ಆದರೆ ತೊಡೆಯ ಹಿಂಭಾಗದ ಸ್ನಾಯುಗಳು ಯಾರಲ್ಲೂ ಬೆಳೆಯಲಿಲ್ಲ. ಆದ್ದರಿಂದ ತೊಡೆಯ ಹಿಂಭಾಗಕ್ಕೆ ಬೇರೆಯೇ ಕೆಲಸ ಬೇಕು, ಮೀನಖಂಡಕ್ಕೂ ಬೇಕು.

ಮೊದಲ ದಿನ ಸ್ಕ್ವಾಟ್ 3 ಸೆಟ್, ಲೆಗ್ ಕರ್ಲ್ 3 ಸೆಟ್, ನಿಂತು ಮಾಡುವ ಕಾಫ್ ರೈಸ್ 3 ಸೆಟ್. ಎರಡನೆಯ ದಿನ ರೊಮೇನಿಯನ್ ಡೆಡ್‌ಲಿಫ್ಟ್ 3, ಲೆಗ್ ಪ್ರೆಸ್ 3, ಮತ್ತೆ ಕಾಫ್ ರೈಸ್ 3. ಹೀಗೆ ತೊಡೆಯ ಮುಂಭಾಗ, ಹಿಂಭಾಗ, ಮೀನಖಂಡ ಮೂರಕ್ಕೂ ವಾರಕ್ಕೆ ಆರಾರು ಸೆಟ್ ಸಿಗುತ್ತವೆ. ಹೊಸಬರಿಗೆ ಇಷ್ಟು ಸಾಕು. ತಿಂಗಳಾದ ಮೇಲೆ ಎರಡು ವಾರಕ್ಕೊಮ್ಮೆ ಒಂದೊಂದು ಸೆಟ್ ಸೇರಿಸುತ್ತ ಹತ್ತರ ಹತ್ತಿರ ಹೋಗಿ. ಸೆಟ್‌ಗಳ ನಡುವೆ ಎರಡರಿಂದ ಮೂರು ನಿಮಿಷ ಕೂತು ದಣಿವಾರಿಸಿಕೊಳ್ಳಿ. ಒಂದು ನಿಮಿಷಕ್ಕೇ ಎದ್ದರೆ ಸೋಲುವುದು ಉಸಿರು, ಸ್ನಾಯುವಲ್ಲ. ಆರಂಭದಲ್ಲಿ ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡರೂ ಒಟ್ಟು ಮುಕ್ಕಾಲು ತಾಸಿನಲ್ಲಿ ಕೆಲಸ ಮುಗಿಯುತ್ತದೆ.

ಜಿಮ್ ದೂರವಾದವರು ರೂಮಿನಲ್ಲೇ ಮಾಡಬಹುದು. 20 ಲೀಟರಿನ ನೀರಿನ ಕ್ಯಾನ್ ತುಂಬಿದರೆ ಸುಮಾರು 20 ಕಿಲೊ ತೂಗುತ್ತದೆ. ಅದನ್ನು ಎದೆಗವಚಿಕೊಂಡು ಸ್ಕ್ವಾಟ್ ಮಾಡಬಹುದು. ಇಲ್ಲವೇ ಒಂದು ಕಾಲನ್ನು ಹಿಂದಿನ ಕಟ್ಟೆಯ ಮೇಲಿಟ್ಟು ಇನ್ನೊಂದು ಕಾಲಿನ ಮೇಲೆ ಕುಳಿತೇಳಬಹುದು. ಭಾರ ಹಗುರವಾದರೂ ಇನ್ನು ಆಗದು ಎನ್ನುವ ಹಂತದವರೆಗೆ ಮಾಡಿದರೆ ಸ್ನಾಯು ಬೆಳೆಯುತ್ತದೆ ಎಂಬುದನ್ನು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ 2012ರ ಅಧ್ಯಯನ ತೋರಿಸಿದೆ. ಎತ್ತಬಲ್ಲ ಗರಿಷ್ಠ ಭಾರದ ಶೇ 30ರಷ್ಟನ್ನೇ ಬಳಸಿದವರ ತೊಡೆ, ಶೇ 80ರಷ್ಟು ಬಳಸಿದವರ ತೊಡೆಯಷ್ಟೇ ಬೆಳೆದಿತ್ತು.

ಹಂತ 4: ಗಟ್ಟಿ ಸೆಟ್ ಯಾವುದು ಎಂದು ತಿಳಿಯಿರಿ, ಬರೆದಿಡಿ

ಇಲ್ಲಿಯವರೆಗೆ ಹೇಳಿದ ಲೆಕ್ಕವೆಲ್ಲ ನಿಂತಿರುವುದು ಒಂದು ಷರತ್ತಿನ ಮೇಲೆ. ಸೆಟ್ ಮುಗಿಸಿದಾಗ ಇನ್ನು ಒಂದೆರಡು, ಬಹಳವೆಂದರೆ ಮೂರು ಸಲ ಮಾತ್ರ ಮಾಡಲಾಗುತ್ತಿತ್ತು ಎನ್ನುವಷ್ಟು ಅದು ಕಷ್ಟವಾಗಿರಬೇಕು. 8ರಿಂದ 12 ಸಲ ಎತ್ತಬಹುದಾದ ಭಾರ ಆರಿಸಿಕೊಳ್ಳಿ. ಮೂರೂ ಸೆಟ್‌ನಲ್ಲಿ 12 ತಲುಪಿದ ಮೇಲೆ 2.5 ಅಥವಾ 5 ಕಿಲೊ ಏರಿಸಿ, ಮತ್ತೆ 8ರಿಂದ ಶುರು ಮಾಡಿ. ಭಾರ, ಸಂಖ್ಯೆ, ದಿನಾಂಕ ಮೂರನ್ನೂ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಾಳಿ ಕೆಲಸದವರಿಗೆ ಈ ಪುಸ್ತಕವೇ ದೊಡ್ಡ ಸಲಹೆಗಾರ. ಸತತ ಎರಡು ಸಲ ಸಂಖ್ಯೆ ಕೆಳಗಿಳಿದರೆ ಚೇತರಿಕೆ ಸಾಲದು ಎಂದರ್ಥ. ಮೂರನೆಯ ದಿನ ಸೇರಿಸುವುದು ಅದಕ್ಕೆ ಮದ್ದಲ್ಲ. ಒಂದು ವಾರ ಸೆಟ್‌ಗಳನ್ನು ಅರ್ಧಕ್ಕಿಳಿಸಿ, ನಿದ್ದೆ ಸರಿಪಡಿಸಿಕೊಂಡು ಮುಂದುವರಿಯಿರಿ.

ಹಂತ 5: ತಾಟಿನ ಕಡೆಗೂ ನೋಡಿ

ಕಟ್ಟಡಕ್ಕೆ ಇಟ್ಟಿಗೆ ಬಾರದಿದ್ದರೆ ಗೌಂಡಿ ಎಷ್ಟು ದಿನ ಬಂದರೇನು? ಸಾಮಾನ್ಯ ವಯಸ್ಕರಿಗೆ ದಿನಕ್ಕೆ, ದೇಹತೂಕದ ಪ್ರತಿ ಕಿಲೊಗೆ 0.83 ಗ್ರಾಂ ಪ್ರೋಟೀನ್ ಎಂಬುದು ಐಸಿಎಂಆರ್ 2020ರಲ್ಲಿ ಹೇಳಿದ ಪ್ರಮಾಣ. ಸ್ನಾಯು ಬೆಳೆಸುವವರಿಗೆ 1.6 ಗ್ರಾಂವರೆಗೆ ಲಾಭವಿದೆ ಎಂದು 2018ರ ಒಂದು ಪರಿಶೀಲನೆ ಹೇಳುತ್ತದೆ. 65 ಕಿಲೊ ತೂಕದವರಿಗೆ ಇದು ಸುಮಾರು 104 ಗ್ರಾಂ. ಬರೀ ರೊಟ್ಟಿ, ಅನ್ನದಿಂದ ಇದು ದಕ್ಕದು. ಆದರೆ ದುಬಾರಿ ಡಬ್ಬಿಯೂ ಅನಿವಾರ್ಯವಲ್ಲ. ರೊಟ್ಟಿಯೊಂದಿಗೆ ಮಡಿಕೆ ಕಾಳು, ಹೆಸರುಕಾಳಿನ ಪಲ್ಯ ಹೆಚ್ಚಿಸಿ. ಒಣಕಾಳಿನ 100 ಗ್ರಾಂಗೆ 20ಕ್ಕೂ ಹೆಚ್ಚು ಗ್ರಾಂ ಪ್ರೋಟೀನ್ ಇದೆ. ಶೇಂಗಾದಲ್ಲಿ 25ರ ಸುಮಾರು, ಒಂದು ತತ್ತಿಯಲ್ಲಿ 6, ಕಾಲು ಲೀಟರ್ ಹಾಲಿನಲ್ಲಿ 8 ಗ್ರಾಂ. ಧಾರವಾಡ, ಬೆಳಗಾವಿ ಸೀಮೆಯ ಹೊಲಗಳಲ್ಲೇ ಬೆಳೆಯುವ ಸೋಯಾಬೀನ್‌ನಿಂದ ತಯಾರಾಗುವ ಸೋಯಾ ಚಂಕ್ಸ್‌ನಲ್ಲಿ 100 ಗ್ರಾಂಗೆ 50ರಷ್ಟಿದೆ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಇದಕ್ಕೆ ಬರುವ ಆಕ್ಷೇಪಗಳು

‘ಪೈಲ್ವಾನರು ದಿನಾ ನೂರಾರು ಬಸ್ಕಿ ಹೊಡೆದೇ ಅಂಥ ತೊಡೆ ಬೆಳೆಸಿದರಲ್ಲ?’ ಉತ್ತರ ಕರ್ನಾಟಕದಲ್ಲಿ ಈ ಪ್ರಶ್ನೆ ಬರದಿದ್ದರೇ ಆಶ್ಚರ್ಯ. ಗರಡಿ ಮನೆಯ ಸಾಧನೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪೈಲ್ವಾನನ ತೊಡೆಯನ್ನು ಬಸ್ಕಿ ಒಂದೇ ಬೆಳೆಸಿದ್ದಲ್ಲ. ಮಣ್ಣಿನಲ್ಲಿ ತನ್ನಷ್ಟೇ ತೂಕದ ಎದುರಾಳಿಯನ್ನು ಎತ್ತಿ, ಒತ್ತಿ, ತಳ್ಳಿದ ಕೆಲಸ ಅದರಲ್ಲಿದೆ. ಹಾಲು, ಬಾದಾಮಿ, ತುಪ್ಪದ ಖುರಾಕು ಇದೆ. ಮಧ್ಯಾಹ್ನದ ನಿದ್ದೆಯೂ ಇದೆ. ಅವನಿಗೆ ಅದೇ ದಿನಚರಿ, ಅದೇ ಉದ್ಯೋಗ. ಭಾರವಿಲ್ಲದ ಬಸ್ಕಿಯನ್ನು ನೂರು ಸಲ ಸಲೀಸಾಗಿ ಮಾಡಬಲ್ಲವನಿಗೆ ಅದರಿಂದ ದಮ್ಮು ಬೆಳೆಯುತ್ತದೆ. ಸ್ನಾಯುವನ್ನು ಮಿತಿಯ ಹತ್ತಿರ ಒಯ್ಯದ ಕೆಲಸದಿಂದ ಅದರ ಗಾತ್ರ ಹೆಚ್ಚು ಬೆಳೆಯದು.

‘ಎಂಟು ತಾಸು ನಿಂತೇ ಇರುತ್ತೇವೆ, ಕಾಲಿಗೆ ಅದೇ ವ್ಯಾಯಾಮ’ ಎಂಬ ಮಾತಿಗೂ ಉತ್ತರ ಇದರಲ್ಲೇ ಇದೆ. ನಿಲ್ಲುವುದು ಕಾಲನ್ನು ದಣಿಸುತ್ತದೆ, ಆದರೆ ತೊಡೆಯ ಬಲದ ಸಣ್ಣ ಪಾಲನ್ನಷ್ಟೇ ಬೇಡುತ್ತದೆ. ಅದನ್ನು ಸೆಟ್ ಎಂದು ಎಣಿಸಬೇಡಿ, ದಣಿವು ಎಂದು ಎಣಿಸಿ. ಲೋಡಿಂಗ್, ಅನ್‌ಲೋಡಿಂಗ್ ಮಾಡುವವರು, ದಿನವಿಡೀ ಬಗ್ಗಿ ಭಾರ ಎತ್ತುವವರು ಡೆಡ್‌ಲಿಫ್ಟ್‌ನ ಸೆಟ್‌ಗಳನ್ನು ಎರಡಕ್ಕಿಳಿಸಿ, ಸೊಂಟಕ್ಕೆ ಹೊರೆ ಕಡಿಮೆ ಬೀಳುವ ಲೆಗ್ ಕರ್ಲ್ ಹೆಚ್ಚಿಸಿಕೊಳ್ಳಬೇಕು.

‘ವಾರಕ್ಕೆ ಒಂದೇ ದಿನ ಮಾಡಿಯೂ ದೊಡ್ಡ ಕಾಲು ಬೆಳೆಸಿದ ಬಾಡಿಬಿಲ್ಡರ್‌ಗಳಿಲ್ಲವೇ?’ ಇದ್ದಾರೆ. ಒಂದೇ ದಿನ ಹದಿನೈದಿಪ್ಪತ್ತು ಸೆಟ್‌ಗಳನ್ನು ಕೆಡದಂತೆ ಮುಗಿಸುವ ವರ್ಷಗಟ್ಟಲೆಯ ಅಭ್ಯಾಸ ಅವರಿಗಿದೆ, ಮರುದಿನ ಮಷಿನ್ ಮುಂದೆ ನಿಲ್ಲಬೇಕಾದ ಒತ್ತಾಯ ಬಹುಮಟ್ಟಿಗೆ ಇಲ್ಲ. ಕಾಲು ನೋಯದಿದ್ದರೆ ವ್ಯಾಯಾಮ ಹತ್ತಲಿಲ್ಲ ಎಂಬ ನಂಬಿಕೆಯೂ ಇಲ್ಲಿಂದಲೇ ಹುಟ್ಟಿದ್ದು. ನೋವು ಅಭ್ಯಾಸವಿಲ್ಲದ ಕೆಲಸದ ಗುರುತು. ವಾರಕ್ಕೆ ಎರಡು ಸಲ ಮಾಡುತ್ತ ಹೋದಂತೆ ಅದು ತಾನಾಗಿ ತಗ್ಗುತ್ತದೆ, ಬೆಳವಣಿಗೆ ನಿಲ್ಲುವುದಿಲ್ಲ. ತದ್ವಿರುದ್ಧವಾಗಿ, ಮೊದಲ ದಿನವೇ ಅತಿ ಮಾಡಿ, ತೊಡೆ ಊದಿಕೊಂಡು ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯು ಒಡೆದು ಕಿಡ್ನಿಗೆ ಕುತ್ತು ತರುವ ಸೂಚನೆ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮೂರನೆಯ ದಿನ ಯಾವಾಗ?

ಎರಡು ದಿನದ ಕ್ರಮವನ್ನು ಎಂಟರಿಂದ ಹತ್ತು ವಾರ ಬಿಡದೆ ಪಾಲಿಸಿದ ಮೇಲೆ ತೊಡೆಯ ಮಧ್ಯಭಾಗವನ್ನು ಟೇಪಿನಿಂದ ಅಳೆಯಿರಿ. ಪ್ರತಿ ಸಲವೂ ಬೆಳಗ್ಗೆ, ಅದೇ ಜಾಗದಲ್ಲಿ ಅಳೆಯಬೇಕು. ನೋಟ್‌ಬುಕ್ಕಿನಲ್ಲಿ ಭಾರ ಏರುತ್ತಿದ್ದರೆ ಏನನ್ನೂ ಬದಲಿಸಬೇಡಿ. ಭಾರವೂ ಏರದೆ, ಅಳತೆಯೂ ಹೆಚ್ಚದೆ, ಊಟ ನಿದ್ದೆ ಮಾತ್ರ ಸರಿಯಿದ್ದರೆ ಆಗ ವಾರದ ಸೆಟ್ ಹೆಚ್ಚಿಸಬೇಕು. ಆ ಸೆಟ್‌ಗಳು ಎರಡು ದಿನದಲ್ಲಿ ಹಿಡಿಸದಷ್ಟಾದರೆ ಮೂರನೆಯ ದಿನ ತೆರೆಯಿರಿ, ಅದಕ್ಕೆ ಮೊದಲಲ್ಲ. ಮಂಡಿಯಲ್ಲಿ ಚುಚ್ಚುವ ನೋವು, ಬಾವು ಇದ್ದವರು, ಬೆನ್ನಿನಿಂದ ಕಾಲಿಗೆ ಇಳಿಯುವ ಸೆಳೆತ ಇದ್ದವರು, ಬಿಪಿ ಹಿಡಿತದಲ್ಲಿಲ್ಲದವರು ಆರಂಭಿಸುವ ಮೊದಲೇ ವೈದ್ಯರಿಗೆ ತೋರಿಸಲಿ.

ಮುಂದಿನ ವಾರದ ಪಾಳಿ ಪಟ್ಟಿ ಬಂದ ಕೂಡಲೇ ಎರಡು ದಿನಕ್ಕೆ ಗುರುತು ಹಾಕಿಕೊಳ್ಳಿ. ಆ ಎರಡು ದಿನ ಮುಕ್ಕಾಲು ತಾಸು ಗಟ್ಟಿಯಾಗಿ ಕೆಲಸ ಮಾಡಿ, ಉಳಿದ ಐದು ದಿನ ಚೆನ್ನಾಗಿ ಉಂಡು ನಿದ್ದೆ ಮಾಡಿ. ದುಡಿಯುವ ಕಾಲಿಗೆ ಇಷ್ಟು ಸಾಕು.